ಸ್ಪೋರ್ಟ್ಸ್ ಕಾರಿಗೆ ದೊಡ್ಡ ರೇಡಿಯೇಟರ್ ಹಾಕಿಸಬೇಕೇ?

ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು, ಅದರಲ್ಲೂ ಅದನ್ನು ಒಮ್ಮೆಯಾದರೂ ಟ್ರ್ಯಾಕಿಗೆ ಇಳಿಸಿದವರು, ನನ್ನನ್ನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಕಾರಿನೊಂದಿಗೆ ಬಂದ ರೇಡಿಯೇಟರನ್ನು ತೆಗೆದು, ಅದಕ್ಕಿಂತ ದಪ್ಪನೆಯ, ಪೂರ್ತಿ ಅಲ್ಯೂಮಿನಿಯಮ್ಮಿನ ರೇಡಿಯೇಟರ್ ಹಾಕಿಸಬೇಕೇ? ನಾನು ಮರುಪ್ರಶ್ನೆಯಿಂದಲೇ ಶುರುಮಾಡುತ್ತೇನೆ. ನಿಮ್ಮ ಕಾರು ಬಿಸಿಯಾಗುವುದು ಯಾವಾಗ, ಎಷ್ಟು? ಕೇಳಿದವರಲ್ಲಿ ಹೆಚ್ಚಿನವರು ಇಲ್ಲಿಯೇ ತಡವರಿಸುತ್ತಾರೆ.

ಮೊದಲು ‘ಎಷ್ಟು’ ಎಂಬುದನ್ನು ನೋಡೋಣ. ಡ್ಯಾಶ್‌ಬೋರ್ಡಿನ ಮುಳ್ಳನ್ನು ನೆಚ್ಚಿಕೊಳ್ಳಬೇಡಿ. ಚಾಲಕರು ಸುಮ್ಮನೆ ಗಾಬರಿಯಾಗದಿರಲಿ ಎಂದು ಅನೇಕ ಕಾರುಗಳಲ್ಲಿ ಆ ಮುಳ್ಳು ವಿಶಾಲವಾದ ಉಷ್ಣತೆಯ ವ್ಯಾಪ್ತಿಯಲ್ಲಿ ನಟ್ಟನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ. ಅದು ಅಲುಗಾಡುವ ಹೊತ್ತಿಗೆ ಎಂಜಿನ್ ಆಗಲೇ ಕಷ್ಟದಲ್ಲಿರುತ್ತದೆ. ಕಾರಿನ ಕಂಪ್ಯೂಟರಿನಿಂದ ಮಾಹಿತಿ ಓದಲು ಇರುವ ಓಬಿಡಿ ಪೋರ್ಟಿಗೆ ಸಿಕ್ಕಿಸುವ ಸ್ಕ್ಯಾನರಿನಲ್ಲಿ ಕೂಲೆಂಟಿನ, ಎಂದರೆ ಎಂಜಿನ್ನನ್ನು ತಣಿಸುವ ದ್ರವದ, ನಿಜವಾದ ಉಷ್ಣತೆಯನ್ನು ಡಿಗ್ರಿಗಳಲ್ಲಿ ಓದಿಕೊಳ್ಳಬಹುದು. ಆ ಪೋರ್ಟ್ ಇಲ್ಲದ ಹಳೆಯ ಕಾರಿಗೆ ಪ್ರತ್ಯೇಕ ಸೆನ್ಸರ್ ಮತ್ತು ಗೇಜ್ ಹಾಕಿಸುವುದೇ ಮೊದಲ ಖರ್ಚಾಗಬೇಕು.

ಓದಿದ ಅಂಕಿಯನ್ನು ಥರ್ಮೋಸ್ಟಾಟಿನ, ಎಂದರೆ ಬಿಸಿಯೇರಿದಾಗ ತೆರೆದು ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಕವಾಟದ, ಜೊತೆ ಇಟ್ಟು ನೋಡಬೇಕು. ಕೂಲೆಂಟ್ ಎಷ್ಟು ಬಿಸಿಯಾಗಿ ಹರಿಯಬೇಕೆಂಬುದನ್ನು ಸಾಮಾನ್ಯವಾಗಿ ತೀರ್ಮಾನಿಸುವುದು ಥರ್ಮೋಸ್ಟಾಟೇ ಹೊರತು ರೇಡಿಯೇಟರ್ ಅಲ್ಲ. ಥರ್ಮೋಸ್ಟಾಟ್ ಪೂರ್ತಿ ತೆರೆದುಕೊಂಡ ಮೇಲೂ ಉಷ್ಣತೆ ಏರುತ್ತಲೇ ಹೋದಾಗ ಮಾತ್ರ ರೇಡಿಯೇಟರಿನ ಸಾಮರ್ಥ್ಯದ ಪ್ರಶ್ನೆ ಬರುತ್ತದೆ. ಹಾಗಾಗಿ 82 ಡಿಗ್ರಿಗೆ ತೆರೆಯತೊಡಗುವ ಥರ್ಮೋಸ್ಟಾಟಿನ ಎಂಜಿನ್, ಇಪ್ಪತ್ತು ನಿಮಿಷ ಬಿಡದೆ ಓಡಿಸಿದ ಮೇಲೂ 90ರ ಆಸುಪಾಸಿನಲ್ಲೇ ನಿಂತಿದ್ದರೆ, ಎಷ್ಟು ದೊಡ್ಡ ರೇಡಿಯೇಟರ್ ಹಾಕಿದರೂ ಆ ಅಂಕಿ ಹೆಚ್ಚೇನೂ ಬದಲಾಗದು. ಥರ್ಮೋಸ್ಟಾಟನ್ನೇ ಕಿತ್ತುಹಾಕುವ ಹಳೆಯ ಉಪಾಯವನ್ನು ನನ್ನ ಬಳಿ ಹೇಳಬೇಡಿ. ತಣ್ಣಗಿರುವ ಎಂಜಿನ್ ಇಂಧನವನ್ನೂ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ ಕೂಡ.

ಇನ್ನೊಂದು ಲೆಕ್ಕವನ್ನು ಹೆಚ್ಚಿನವರು ಮರೆಯುತ್ತಾರೆ. ರೇಡಿಯೇಟರ್ ಹೊರಹಾಕುವ ಶಾಖವು ಕೂಲೆಂಟಿಗೂ ಹೊರಗಿನ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ಅವಲಂಬಿಸಿದೆ. ಗಾಳಿ 20 ಡಿಗ್ರಿ ಇರುವ ದಿನ ಕೂಲೆಂಟ್ 100ಕ್ಕೆ ಬಂದು ನಿಂತರೆ ಅಂತರ 80. ಅದೇ ಕಾರನ್ನು ಅದೇ ವೇಗದಲ್ಲಿ 40 ಡಿಗ್ರಿಯ ದಿನ ಓಡಿಸಿದರೆ, ಅಷ್ಟೇ ಶಾಖವನ್ನು ಹೊರಹಾಕಲು ಅದೇ ಅಂತರ ಬೇಕಾಗುವುದರಿಂದ ಕೂಲೆಂಟ್ ಸುಮಾರು 120ಕ್ಕೆ ಏರುತ್ತದೆ. ಆದ್ದರಿಂದ ತಂಪು ಮುಂಜಾನೆಯಲ್ಲಿ ಪರೀಕ್ಷೆ ಮಾಡಿ ನೆಮ್ಮದಿಪಡುವ ಬದಲು, ನೀವು ಓಡಿಸಲಿರುವ ಅತಿ ಬಿಸಿಯ ದಿನ ಎಷ್ಟು ಡಿಗ್ರಿ ಹೆಚ್ಚಿರುತ್ತದೆಯೋ ಅಷ್ಟನ್ನು ಕೂಡಿಸಿ ನೋಡಿ. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಇರುವ ಕೂಲೆಂಟ್ ಸುಮಾರು 1 ಬಾರ್‌ನ ಒತ್ತಡ ಹಿಡಿದಿಡುವ ರೇಡಿಯೇಟರ್ ಮುಚ್ಚಳದಡಿಯಲ್ಲಿ 125 ಡಿಗ್ರಿ ದಾಟಿದ ಮೇಲೆಯೇ ಕುದಿಯುತ್ತದೆ ಎಂಬುದು ನಿಜ. ಆದರೆ ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ಡಿನ ಒಳಗೆ ಸೆನ್ಸರ್ ಇರುವ ಜಾಗಕ್ಕಿಂತ ಹೆಚ್ಚು ಬಿಸಿಯಾದ ಮೂಲೆಗಳಿರುತ್ತವೆ, ಮುಚ್ಚಳದ ಸ್ಪ್ರಿಂಗ್ ಹಳತಾಗಿದ್ದರೆ ಆ ಒತ್ತಡವೂ ನಿಲ್ಲುವುದಿಲ್ಲ.

ಈಗ ‘ಯಾವಾಗ’. ಸಿಗ್ನಲ್ಲಿನಲ್ಲಿ ನಿಂತಾಗ ಬಿಸಿಯೇರಿ, ಕಾರು ಓಡತೊಡಗಿದೊಡನೆ ಇಳಿದರೆ, ಅನುಮಾನ ಮೊದಲು ಹೋಗಬೇಕಾದದ್ದು ಫ್ಯಾನಿನ ಕಡೆಗೆ, ಅದನ್ನು ಚಾಲೂ ಮಾಡುವ ವಿದ್ಯುತ್ ಸ್ವಿಚ್ಚಾದ ರಿಲೇ ಕಡೆಗೆ, ಫ್ಯಾನಿನ ಸುತ್ತಲಿನ ಕವಚದ ಕಡೆಗೆ. ವೇಗದಲ್ಲಿ, ಎಂಜಿನ್ನಿನ ಮೇಲೆ ಸತತ ಭಾರ ಬಿದ್ದಾಗ ಮಾತ್ರ ಏರಿದರೆ ರೇಡಿಯೇಟರನ್ನು ಶಂಕಿಸಬಹುದು. ಕೂಲೆಂಟ್ ಪದೇಪದೇ ಕಡಿಮೆಯಾಗುತ್ತಿದ್ದು, ಟ್ಯಾಂಕಿನಲ್ಲಿ ಗುಳ್ಳೆಗಳೇಳುತ್ತಿದ್ದರೆ ಅದು ಹೆಡ್ ಗ್ಯಾಸ್ಕೆಟ್ಟಿನ (ಸಿಲಿಂಡರ್ ಹೆಡ್ಡಿನ ಕೆಳಗೆ ಸೋರದಂತೆ ತಡೆಯುವ ಪದರದ) ಕತೆಯಿರಬಹುದು. ಅದನ್ನು ಪರೀಕ್ಷಿಸುವ ತನಕ ಬೇರೇನನ್ನೂ ಕೊಳ್ಳಬೇಡಿ.

ರೇಡಿಯೇಟರನ್ನು ಶಂಕಿಸಿದ ಮೇಲೂ ನಾನು ಮೊದಲು ನೋಡುವುದು ಗಾಳಿಯ ದಾರಿಯನ್ನು. ಗಾಳಿ ಸೋಮಾರಿ, ಬಂಪರಿನ ಬಾಯಿಗೂ ರೇಡಿಯೇಟರಿಗೂ ನಡುವೆ ಸಂದು ಸಿಕ್ಕರೆ, ರೇಡಿಯೇಟರಿನ ತೆಳು ತಗಡಿನ ಫಿನ್‌ಗಳ ನಡುವೆ ನುಸುಳುವ ಕಷ್ಟ ಬೇಡವೆಂದು ಪಕ್ಕದಿಂದ ಹೊರಟುಹೋಗುತ್ತದೆ. ಆ ಸಂದುಗಳನ್ನು ಫೋಮ್ ಮತ್ತು ತಗಡಿನಿಂದ ಮುಚ್ಚುವುದು ಹೊಸ ರೇಡಿಯೇಟರಿಗಿಂತ ಎಷ್ಟೋ ಅಗ್ಗದ ಕೆಲಸ. ಒಳಬಂದ ಗಾಳಿಗೆ ಹೊರಹೋಗುವ ದಾರಿಯೂ ಬೇಕು. ಸರ್ವೀಸಿನಲ್ಲಿ ಬಿಚ್ಚಿ ಮತ್ತೆ ಹಾಕದೆ ಬಿಟ್ಟ ಅಡಿಹಲಗೆಯೊಂದರಿಂದಲೇ ರೇಡಿಯೇಟರಿನ ಹಿಂದಿನ ಒತ್ತಡ ಏರಿ, ಗಾಳಿಯ ಹರಿವು ಕುಂದಿದ್ದನ್ನು ಕಂಡಿದ್ದೇನೆ.

ಗಾಳಿ ಸಾಲದೋ, ರೇಡಿಯೇಟರ್ ಸಾಲದೋ ಎಂದು ತಿಳಿಯಲು ಸರಳವಾದ ಅಳತೆಯೊಂದಿದೆ. ರೇಡಿಯೇಟರಿನ ಕೋರಿನ, ಎಂದರೆ ಕೊಳವೆಗಳೂ ಫಿನ್ನುಗಳೂ ಇರುವ ನಡುಭಾಗದ, ಹಿಂದೆ ಸಣ್ಣ ಉಷ್ಣತಾ ಸೆನ್ಸರ್ ಕಟ್ಟಿ, ಹೊರಬರುವ ಗಾಳಿಯ ಬಿಸಿಯನ್ನು ಓಡಿಸುವಾಗಲೇ ಅಳೆಯಿರಿ. ಆ ಗಾಳಿ ಹೆಚ್ಚುಕಡಿಮೆ ಕೂಲೆಂಟಿನಷ್ಟೇ ಬಿಸಿಯಾಗಿದ್ದರೆ, ಕೋರು ತನಗೆ ಸಿಕ್ಕ ಗಾಳಿಯನ್ನು ಪೂರ್ತಿ ಬಳಸಿಕೊಂಡಿದೆ ಎಂದರ್ಥ. ಇನ್ನಷ್ಟು ದಪ್ಪನೆಯ ಕೋರು ಅಲ್ಲಿ ಏನನ್ನೂ ಸಾಧಿಸದು, ಬೇಕಿರುವುದು ಹೆಚ್ಚು ಗಾಳಿ. ಕೂಲೆಂಟ್ ಕುದಿಯುವಷ್ಟು ಬಿಸಿಯಾಗಿದ್ದರೂ ಹೊರಬರುವ ಗಾಳಿ ಸಾಕಷ್ಟು ತಣ್ಣಗಿದ್ದರೆ ಶಾಖ ಗಾಳಿಗೆ ದಾಟುತ್ತಿಲ್ಲ: ಕೋರಿನ ಕೊಳವೆಗಳು ಕಟ್ಟಿಕೊಂಡಿರಬಹುದು, ಕೂಲೆಂಟ್ ಸರಿಯಾಗಿ ಹರಿಯದಿರಬಹುದು, ಇಲ್ಲವೇ ಕೋರು ನಿಜವಾಗಿಯೂ ಚಿಕ್ಕದಿರಬಹುದು.

ದಪ್ಪದ ಮೋಹಕ್ಕೆ ನಾನೂ ಒಮ್ಮೆ ಬಿದ್ದಿದ್ದೆ. ಮೂಲ ಕೋರಿನ ಎರಡರಷ್ಟು ದಪ್ಪವಿದ್ದ ರೇಡಿಯೇಟರ್ ತಂದು ಕೂರಿಸಿದಾಗ ಫ್ಯಾನಿನ ಕವಚಕ್ಕೆ ಜಾಗವೇ ಉಳಿಯಲಿಲ್ಲ. ಕವಚವಿಲ್ಲದೆ ಫ್ಯಾನನ್ನು ಕೋರಿಗೆ ಅಂಟಿಸಿದಂತೆ ಕಟ್ಟಿದೆ. ಆಮೇಲೆ ಕಾರು ಸಂಚಾರ ದಟ್ಟಣೆಯಲ್ಲಿ ಮೊದಲಿಗಿಂತ ಹೆಚ್ಚು ಬಿಸಿಯಾಯಿತು. ಕೋರಿನ ಮುಂಭಾಗದಲ್ಲೇ ಬಿಸಿಯಾದ ಗಾಳಿಯಿಂದ ಹಿಂಭಾಗಕ್ಕೆ ಹೆಚ್ಚೇನೂ ಪ್ರಯೋಜನವಿಲ್ಲ, ಅದರ ಮೇಲೆ ಹರಿವಿಗೆ ಅಡ್ಡಿಯೂ ಹೆಚ್ಚುತ್ತದೆ ಎಂಬುದು ನನಗೆ ಮನವರಿಕೆಯಾದದ್ದು ಆಗಲೇ. ಜಾಗವಿದ್ದರೆ ದಪ್ಪಕ್ಕಿಂತ ಅಗಲ ಲೇಸು. ಪೋರ್ಷೆಯವರು 996 ಮಾದರಿಯ 911ರಲ್ಲಿ ಎರಡು ಪಕ್ಕದ ರೇಡಿಯೇಟರುಗಳಿಗೆ ಹೆಚ್ಚಿನ ನೆರವು ಬೇಕಾದಾಗ, ಟರ್ಬೊ ಮತ್ತು ಜಿಟಿ3 ಕಾರುಗಳಲ್ಲಿ ಮೂಗಿನ ನಡುವೆ ಮೂರನೆಯದೊಂದನ್ನು ಸೇರಿಸಿದರು.

ಕೂಲೆಂಟ್ ವೇಗವಾಗಿ ಹರಿದರೆ ತಣ್ಣಗಾಗಲು ಸಮಯ ಸಾಲದು ಎಂಬ ವಾದವೂ ಆಗಾಗ ಕೇಳಿಬರುತ್ತದೆ. ಅದು ತಪ್ಪು. ಪ್ರತಿ ಸುತ್ತಿನಲ್ಲಿ ಕಡಿಮೆ ತಣ್ಣಗಾದರೂ ಸುತ್ತುಗಳು ಹೆಚ್ಚುತ್ತವೆ, ಕೋರಿನ ಸರಾಸರಿ ಉಷ್ಣತೆಯೂ ಏರಿ ಒಟ್ಟಾರೆ ಹೆಚ್ಚು ಶಾಖ ಹೊರಹೋಗುತ್ತದೆ.

ಹಾಗಾದರೆ ‘ಹಾಕಿಸಿ’ ಎಂದು ನಾನು ಯಾವಾಗ ಹೇಳುತ್ತೇನೆ? ಟರ್ಬೊ ಸೇರಿಸಿಯೋ ಬೇರೆ ರೀತಿಯಲ್ಲೋ ಎಂಜಿನ್ನಿನ ಶಕ್ತಿಯನ್ನು ಗಣನೀಯವಾಗಿ ಹೆಚ್ಚಿಸಿದವರಿಗೆ ಹೇಳುತ್ತೇನೆ. ಶಕ್ತಿ ಹೆಚ್ಚಿದಂತೆ ಸುಡುವ ಇಂಧನವೂ ಹೆಚ್ಚುತ್ತದೆ, ಆ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕೂಲೆಂಟಿಗೆ ಸೇರುತ್ತದೆ. ಜೊತೆಗೆ ಟರ್ಬೊ ಒತ್ತಿ ಕಳಿಸುವ ಗಾಳಿಯನ್ನು ತಣಿಸಲು ಮುಂದೆ ಕೂರುವ ಇಂಟರ್‌ಕೂಲರ್, ರೇಡಿಯೇಟರಿಗೆ ಹೋಗುವ ಗಾಳಿಯನ್ನೂ ಬಿಸಿಮಾಡುತ್ತದೆ. ಗಾಳಿಯ ದಾರಿ ಸರಿಪಡಿಸಿದ ಮೇಲೂ ಟ್ರ್ಯಾಕಿನಲ್ಲಿ ಲ್ಯಾಪಿನಿಂದ ಲ್ಯಾಪಿಗೆ ಅಂಕಿ ಏರುತ್ತಲೇ ಇರುವವರಿಗೂ ಹೇಳುತ್ತೇನೆ, ಆದರೆ ಅವರು ಎಣ್ಣೆಯ ಉಷ್ಣತೆಯನ್ನೂ ನೋಡಿರಬೇಕು. ಹಲವು ಕಾರುಗಳಲ್ಲಿ ಮೊದಲು ಸೋಲುವುದು ಎಣ್ಣೆ, ಅಲ್ಲಿ ಬೇಕಾದದ್ದು ಆಯಿಲ್ ಕೂಲರ್.

ಉಳಿದಂತೆ ರೇಡಿಯೇಟರ್ ಬದಲಿಸಲು ಇರುವ ಅತಿ ಗಟ್ಟಿಯಾದ ಕಾರಣ ವಯಸ್ಸು. ಅಲ್ಯೂಮಿನಿಯಮ್ ಕೋರಿನ ಅಂಚಿಗೆ ಮಡಚಿ ಹಿಡಿಸಿದ ಪ್ಲಾಸ್ಟಿಕ್ ಟ್ಯಾಂಕ್, ವರ್ಷಗಟ್ಟಲೆ ಬಿಸಿ ತಿಂದು ಪೆಡಸಾಗಿ ಒಂದು ದಿನ ಬಿರಿಯುತ್ತದೆ. ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5 ಇಟ್ಟುಕೊಂಡವರಿಗೆ ಗೊತ್ತು: ಕಪ್ಪು ಟ್ಯಾಂಕ್ ಕಂದು ಬಣ್ಣಕ್ಕೆ ತಿರುಗಿದರೆ ಅದರ ದಿನಗಳು ಮುಗಿಯುತ್ತ ಬಂದಿವೆ. ಆಗ ಹೇಗೂ ಹೊಸದನ್ನು ಕೊಳ್ಳಲೇಬೇಕು. ಟ್ರ್ಯಾಕಿಗೆ ಹೋಗುವವರು ಪೂರ್ತಿ ಅಲ್ಯೂಮಿನಿಯಮ್ಮಿನದನ್ನು ಆರಿಸಿಕೊಳ್ಳಲಿ. ರಸ್ತೆಯಲ್ಲಷ್ಟೇ ಓಡಿಸುವವರಿಗೆ ಮೂಲ ಅಳತೆಯ ಹೊಸ ರೇಡಿಯೇಟರ್ ಧಾರಾಳವಾಗಿ ಸಾಕು. ಯಾವುದನ್ನೇ ಹಾಕಿದರೂ ಫ್ಯಾನಿನ ಕವಚ ಮೊದಲಿನಂತೆ ಕೂರುತ್ತದೆಯೇ ಎಂದು ಕೊಳ್ಳುವ ಮೊದಲೇ ಅಳೆದುಕೊಳ್ಳಿ, ಹೋಸ್‌ಗಳನ್ನೂ ಮುಚ್ಚಳವನ್ನೂ ಜೊತೆಗೇ ಬದಲಿಸಿ, ಕೂಲೆಂಟ್ ತುಂಬಿದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿಯನ್ನು ತಾಳ್ಮೆಯಿಂದ ಹೊರತೆಗೆಯಿರಿ, ಆಮೇಲೆ ಅದೇ ಸ್ಕ್ಯಾನರ್ ಸಿಕ್ಕಿಸಿ ಹಳೆಯ ಅಂಕಿಯ ಪಕ್ಕದಲ್ಲಿ ಹೊಸದನ್ನು ಬರೆದುಕೊಳ್ಳಿ.