ರಾಮಪತ್ರೆ ಜಡ್ಡಿಯ ನೀರು

ಮಾವಿನಗುಂಡಿ ದಾಟಿ ಹೊನ್ನಾವರಕ್ಕೆ ಇಳಿಯುವ ರಸ್ತೆಯಲ್ಲಿ ಕತ್ತಲೆಕಾನು ಸಿಗುತ್ತದಲ್ಲ, ಅಲ್ಲಿಯೇ ಒಂದು ಕಣಿವೆಯಲ್ಲಿ ದೊಡ್ಡಮ್ಮನ ಮನೆ, ಅಡಿಕೆ ತೋಟ. ಈ ಸುತ್ತಿನ ಕಾಡು 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2019ರಲ್ಲಿ 930 ಚದರ ಕಿಲೋಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದೊಳಗೆ ಸೇರಿತು. ದೊಡ್ಡಮ್ಮ ಮದುವೆಯಾಗಿ ಇಲ್ಲಿಗೆ ಬಂದದ್ದು 1974ರಲ್ಲಿ.

ತೋಟದ ಮೇಲ್ಗಡೆ ರಾಮಪತ್ರೆ ಜಡ್ಡಿ ಇದೆ, ಎಂದರೆ ಜಾಯಿಕಾಯಿಯ ಬಳಗದ ಕಾಡುಮರಗಳು ಬೆಳೆಯುವ ಜೌಗು. "ಚಪ್ಪಲಿ ಬಿಟ್ಟು ಬಾ ತಂಗಿ, ಬೇರು ತುಳಿಯಬೇಡ" ಎನ್ನುತ್ತ ಅವರೇ ಮುಂದೆ ನಡೆದರು. ಮೇ ತಿಂಗಳು. ನಮ್ಮ ಊರಿನಲ್ಲಿ ಬಾವಿಯ ತಳ ಕಾಣುತ್ತಿತ್ತು, ಇಲ್ಲಿ ಪಾದ ಮುಳುಗುವಷ್ಟು ತಣ್ಣನೆಯ ನೀರು. ಕೆಲವು ಬೇರುಗಳು ಕಾಂಡದಿಂದ ಇಳಿದು ಮರವನ್ನು ಊರುಗೋಲಿನಂತೆ ಹಿಡಿದಿವೆ. ಕೆಲವು ಕೆಸರಿನಿಂದೆದ್ದು, ಮಂಡಿಯಂತೆ ಬಾಗಿ, ಮತ್ತೆ ಒಳಗಿಳಿದಿವೆ. ಕೆಸರಿನೊಳಗೆ ಗಾಳಿ ಸಾಲದ್ದರಿಂದ ಈ ಮರಗಳು ಬೇರನ್ನು ಹೊರಚಾಚಿ ಉಸಿರಾಡುತ್ತವೆ. ಬೀಜ ಒಣಗಿದರೆ ಮೊಳೆಯುವುದಿಲ್ಲ. ಒಮ್ಮೆ ಬತ್ತಿಸಿದ ಜಡ್ಡಿಗೆ ಈ ಕಾಡು ತಾನಾಗಿ ಮರಳುವುದು ಬಹಳ ಕಷ್ಟ. ಇಲ್ಲಿ ಬೆಳೆಯುವ ಒಂದು ಮರಕ್ಕೆ ವಿಜ್ಞಾನಿಗಳು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟದ್ದೇ 2000ರಲ್ಲಿ!

ಪಶ್ಚಿಮ ಘಟ್ಟದ ಎಷ್ಟೋ ಜಡ್ಡಿಗಳು ಗದ್ದೆಯಾಗಿ, ತೋಟವಾಗಿ ಮುಗಿದುಹೋಗಿವೆ. ಇಲ್ಲಿಯೂ ಬಸಿಗಾಲುವೆ ತೆಗೆದರೆ ಅರ್ಧ ಎಕರೆ ಅಡಿಕೆ ಹಾಕಬಹುದೆಂದು ಹಿಂದೆ ಯಾರೋ ದೊಡ್ಡಪ್ಪನಿಗೆ ಹೇಳಿದ್ದರಂತೆ. "ಇರುವ ತೋಟಕ್ಕೆ ಬೇಸಿಗೆಯಲ್ಲಿ ನೀರು ನೀನು ಹೊತ್ತು ತರುತ್ತೀಯಾ ಎಂದು ಕೇಳಿ ಕಳಿಸಿದರು" ಎಂದರು ದೊಡ್ಡಮ್ಮ.

ಕಾಡು ಉಳಿಯಬೇಕಾದರೆ ಜನರನ್ನು ಎಬ್ಬಿಸಬೇಕು ಎಂಬ ಮಾತು ಕೇಳಿದಾಗಲೆಲ್ಲ ನನಗೆ ಇವರಿಬ್ಬರ ನೆನಪಾಗಿ ಸಂಕಟವಾಗುತ್ತದೆ. ಜನರಿಂದ ಹಾನಿಯೇ ಇಲ್ಲವೆಂದಲ್ಲ. ಉಪ್ಪಾಗೆ ಎಂಬ ಕಾಡಿನ ಹುಳಿಕಾಯಿಗೆ ಬೆಲೆ ಬಂದಾಗ ಕೊಂಬೆ ಸಮೇತ ಕಡಿದು ಕಾಯಿ ಕೊಯ್ದವರಿದ್ದಾರೆ, ಅದೇ ಹಣ್ಣು ಸಿಂಗಳೀಕಗಳಿಗೆ ಆಹಾರ. ದೊಡ್ಡಮ್ಮ ಮರ ಹತ್ತಿಸುವುದನ್ನೇ ನಿಲ್ಲಿಸಿದ್ದಾರೆ. ದೋಟಿಗೆ ಎಟುಕಿದಷ್ಟು ಸಾಕು ಎನ್ನುತ್ತಾರೆ.

ಹೊರಡುವ ದಿನ ಬೆಳಿಗ್ಗೆ ಹಿತ್ತಲಿನಾಚೆಯ ಹಲಸಿನ ಮರದಲ್ಲಿ ಕೊಂಬೆ ಅಲುಗಿತು. ಕಪ್ಪು ಮೈ, ಮುಖದ ಸುತ್ತ ಬೆಳ್ಳಿಯ ಕೇಸರ, ಹೊಟ್ಟೆಗೆ ಅಂಟಿಕೊಂಡ ಮರಿ. ಅಂಗಳ ಗುಡಿಸುತ್ತಿದ್ದ ದೊಡ್ಡಮ್ಮ ಹಿಡಿಸೂಡಿ ಹಿಡಿದು ಹಾಗೆಯೇ ನಿಂತರು, ಐವತ್ತು ವರ್ಷದಿಂದ ನೋಡುತ್ತಿದ್ದರೂ. ನನಗೆ ಹೊನ್ನಾವರದ ಬಸ್ಸು ತಪ್ಪಿತು.