ಕನ್ನಡಕ ತೆಗೆದಿಟ್ಟು ಬೇಲೂರು ನೋಡಿದ್ದು

ಹೋದ ಭಾನುವಾರ ಹಾಸನದಲ್ಲಿ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಅವರ ಮಗ ಹೊಸದಾಗಿ ವಿಆರ್ ಹೆಡ್‌ಸೆಟ್ ತಂದಿದ್ದಾನೆ, ಕಣ್ಣಿಗೆ ಕಟ್ಟಿಕೊಂಡರೆ ಬೇರೆಲ್ಲೋ ನಿಂತ ಹಾಗೆ ಸುತ್ತಲೂ ಚಿತ್ರ ಕಾಣಿಸುವ ಡಬ್ಬಿ. "ಅಣ್ಣ, ಬೇಲೂರು ದೇವಸ್ಥಾನ ಹಾಕಿದೀನಿ, ನೋಡು" ಅಂದ. ಬಸ್ ಹತ್ತಿದರೆ ಒಂದು ಗಂಟೆಯ ದಾರಿ, ಆದರೂ ಸೋಫಾದಲ್ಲಿ ಕೂತೇ ನೋಡುವ ಚಪಲ! ನನ್ನ ಕನ್ನಡಕದ ಫ್ರೇಮ್ ಅಗಲ, ಒಳಗೆ ಹಿಡಿಸಲಿಲ್ಲ, ತೆಗೆದಿಟ್ಟೆ. ದರ್ಪಣ ಸುಂದರಿ ಎದುರಿಗೇ ನಿಂತಿದ್ದಾಳೆ, ಕೈಯಲ್ಲಿರುವುದು ಕನ್ನಡಿಯೋ ಅಕ್ಕಿರೊಟ್ಟಿಯೋ ಗೊತ್ತಾಗಲಿಲ್ಲ.

ನನಗೆ ಮೈನಸ್ ಮೂರು. ಹತ್ತಿರದ್ದು ಚೆನ್ನಾಗೇ ಕಾಣುತ್ತದೆ, ಸ್ಕ್ರೀನ್ ಮೂಗಿನ ಮುಂದೆಯೇ ಇದೆ, ಮತ್ತೆ ಯಾಕೆ ಮಂಜು ಮಂಜು? ಸ್ಕ್ರೀನ್ ಹತ್ತಿರ ಇದ್ದರೂ ನಡುವಿನ ಲೆನ್ಸು ಚಿತ್ರವನ್ನು ಒಂದೆರಡು ಮೀಟರ್ ದೂರದಲ್ಲಿ ಇರುವ ಹಾಗೆ ಮಾಡುತ್ತದೆ. ನನ್ನ ಕಣ್ಣಿಗೆ ಬರಿಗಣ್ಣಲ್ಲಿ ನಿಚ್ಚಳವಾಗಿ ಕಾಣುವುದು ಸುಮಾರು 33 ಸೆಂಟಿಮೀಟರ್ ತನಕ ಮಾತ್ರ.

"ಪವರ್ ಟೈಪ್ ಮಾಡಿದರೆ ಸಾಫ್ಟ್‌ವೇರೇ ಸರಿ ಮಾಡಬಹುದಲ್ವಾ ಅಣ್ಣ?" ಅಂತ ಕೇಳಿದ. ಎಂಜಿನಿಯರಿಂಗ್ ಓದುವ ಹುಡುಗ, ಕೇಳಿದ್ದು ತಪ್ಪಲ್ಲ.

ನಮ್ಮಮ್ಮನಿಗೆ ಒಂದು ಚಾಳಿ ಇದೆ. ಚಿಕ್ಕಮ್ಮ ಉಪ್ಪು ಹಾಕಿ ಇಳಿಸಿದ ಸಾರಿಗೆ ತಾನೂ ಒಂದು ಚಮಚ ಉಪ್ಪು ಹಾಕುತ್ತಾಳೆ. ಅದು ಗೊತ್ತಿರುವ ಚಿಕ್ಕಮ್ಮ ಮೊದಲೇ ಒಂದು ಚಮಚ ಕಡಿಮೆ ಹಾಕಿರುತ್ತಾರೆ. ಸಾಫ್ಟ್‌ವೇರ್ ಮಾಡುವುದೂ ಇದನ್ನೇ: ಕಣ್ಣು ಚಿತ್ರವನ್ನು ಎಷ್ಟು ಕೆಡಿಸುತ್ತದೆ ಅಂತ ಲೆಕ್ಕ ಹಾಕಿ ಮೊದಲೇ ಉಲ್ಟಾ ಕೆಡಿಸಿ ತೋರಿಸುತ್ತದೆ. ಆದರೆ ಅಮ್ಮ ನಾಲ್ಕು ಚಮಚ ಸುರಿದರೆ? ಸೊನ್ನೆಗಿಂತ ಕಡಿಮೆ ಉಪ್ಪು ಹಾಕೋದು ಹೇಗೆ? ಸ್ಕ್ರೀನ್‌ದೂ ಅದೇ ಪಾಡು, ಕಪ್ಪಿಗಿಂತ ಕಪ್ಪು ತೋರಿಸಲು ಬರುವುದಿಲ್ಲ. ಹಾಗಾಗಿ ಚಿತ್ರ ಪೇಲವವಾಗುತ್ತದೆ, ಅಂಚುಗಳ ಸುತ್ತ ಬಳೆ ಬಳೆಯಾಗಿ ಗೆರೆ ಏಳುತ್ತದೆ.

2014ರಲ್ಲಿ ಅಮೆರಿಕದ ಬರ್ಕ್ಲಿ ಮತ್ತು ಎಂಐಟಿ ವಿಶ್ವವಿದ್ಯಾಲಯಗಳವರು (ನಾಸಿಕ್‌ನ ರಮೇಶ್ ರಾಸ್ಕರ್ ಕೂಡ ಆ ತಂಡದಲ್ಲಿದ್ದರು) ಸ್ಕ್ರೀನ್ ಮೇಲೆ ಸಣ್ಣ ಸಣ್ಣ ತೂತುಗಳ ಪದರ ಕೂರಿಸಿ, ಯಾವ ಕಿರಣ ಯಾವ ಕಡೆಗೆ ಹೋಗಬೇಕು ಅನ್ನುವುದನ್ನೇ ಲೆಕ್ಕ ಹಾಕಿ ಇದನ್ನು ಎಷ್ಟೋ ಸುಧಾರಿಸಿದರು. ಅಂದರೆ ಬರೀ ಸಾಫ್ಟ್‌ವೇರ್ ಸಾಲಲಿಲ್ಲ, ಅಲ್ವಾ?

ಸಾಫ್ಟ್‌ವೇರ್ ನಿಜಕ್ಕೂ ಗೆಲ್ಲುವ ಜಾಗ ಬೇರೆ. ಸೋಮಾರಿ ಕಣ್ಣು ಅಂತೀವಲ್ಲ, ಅಲ್ಲಿ ಒಂದು ಕಣ್ಣು ಕಳಿಸಿದ್ದನ್ನು ಮೆದುಳೇ ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೆಡ್‌ಸೆಟ್ ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ಕೊಡುತ್ತದೆ, ಗಟ್ಟಿ ಕಣ್ಣಿನ ಚಿತ್ರವನ್ನು ಸ್ವಲ್ಪ ಮಂಕು ಮಾಡಿದರೆ ಸೋಮಾರಿ ಕಣ್ಣು ಕೆಲಸ ಮಾಡಲೇಬೇಕು. 4ರಿಂದ 7 ವರ್ಷದ ಮಕ್ಕಳಿಗೆ ಇಂಥದ್ದೇ ಒಂದು ಚಿಕಿತ್ಸೆಗೆ, ಲ್ಯೂಮಿನೋಪಿಯಾ ಅಂತ ಹೆಸರು, 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ.

ನನ್ನಂಥವರಿಗೆ ಮಾತ್ರ ಹಳೇ ಗಾಜೇ ಗತಿ. ಪವರ್‌ಗೆ ತಕ್ಕ ಲೆನ್ಸ್ ಮಾಡಿಸಿ ಹೆಡ್‌ಸೆಟ್ ಒಳಗೆ ಕೂರಿಸಬೇಕು.

ಇಷ್ಟೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಚಿಕ್ಕಪ್ಪ ಬಂದರು. ಪೇಪರ್ ಓದೋಕೆ ಮಾತ್ರ ಅವರಿಗೆ ಪ್ಲಸ್ ಕನ್ನಡಕ ಬೇಕು, ದೂರದ್ದೆಲ್ಲ ಸಲೀಸು. ಕನ್ನಡಕ ಜೇಬಿಗೆ ಹಾಕಿ ಹೆಡ್‌ಸೆಟ್ ಏರಿಸಿಕೊಂಡರು. "ಲೋ, ಬೆರಳೆಲ್ಲ ಎಣಿಸಬಹುದು ಕಣೋ! ಯಾವ ರೊಟ್ಟಿನೋ ನಿಂದು?"