ಹಣವಿತ್ತು, ಕ್ರಿಯಾಯೋಜನೆಯಲ್ಲಿ ಸಾಲಿರಲಿಲ್ಲ

ಬೋರ್‌ವೆಲ್ ಮೋಟಾರು ಸುಟ್ಟು ಅಂದಿಗೆ ನಾಲ್ಕು ದಿನ. ಬೆಳಿಗ್ಗೆ ನೀರುಗಂಟಿ ಬಂದು ವೈಂಡಿಂಗ್ ತಂತಿಯ ತುಂಡೊಂದನ್ನು ಪಂಚಾಯಿತಿಯ ಮೇಜಿನ ಮೇಲಿಟ್ಟರು. ಮೇಲಿನ ಪ್ಲಾಸ್ಟಿಕ್ ಹೊದಿಕೆ ಕರಗಿ, ಎಳೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಮೂರು ಫೇಸಿನಲ್ಲಿ ಒಂದು ಹೋದರೂ ಮೋಟಾರು ಉಳಿದೆರಡರ ಮೇಲೆ ಓಡಿತ್ತು. ಪ್ಯಾನೆಲ್ ಬೋರ್ಡಿನಲ್ಲಿ, ಒಂದು ಫೇಸ್ ಹೋದೊಡನೆ ಮೋಟಾರು ನಿಲ್ಲಿಸುವ ಪ್ರಿವೆಂಟರ್ ಇತ್ತು, ಪದೇ ಪದೇ ಟ್ರಿಪ್ ಆಗುತ್ತದೆಂದು ಯಾರೋ ಅದನ್ನು ಬೈಪಾಸ್ ಮಾಡಿದ್ದರು.

ರೀವೈಂಡಿಂಗ್ ಬಿಲ್ಲಿಗೆ ಖಾತೆಯಲ್ಲಿ ದುಡ್ಡು ಇರಲಿಲ್ಲವೆಂದಲ್ಲ. 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ನೂರಕ್ಕೆ 60 ರೂಪಾಯಿ ನಿರ್ಬಂಧಿತ: 30 ನೈರ್ಮಲ್ಯಕ್ಕೆ, 30 ಕುಡಿಯುವ ನೀರಿಗೆ. ಉಳಿದ 40 ಮುಕ್ತ ಎನ್ನುತ್ತಿದ್ದರು, ಆದರೆ ಅದರಲ್ಲೂ ಸಂಬಳ ಕೊಡುವ ಹಾಗಿರಲಿಲ್ಲ. ಮೋಟಾರು ದುರಸ್ತಿ ನೀರಿನ ಪಾಲಿಗೆ ಸರಿಯಾಗಿ ಹೊಂದುತ್ತಿತ್ತು. ತೊಡಕು ಬೇರೆಡೆ. ಪಂಚಾಯಿತಿ ಲೆಕ್ಕಪತ್ರದ ಪೋರ್ಟಲ್ ಇ-ಗ್ರಾಮಸ್ವರಾಜ್‌ನಲ್ಲಿ ಪಾವತಿ ವೋಚರ್ ಮಾಡುವಾಗ ಅನುಮೋದಿತ ಕ್ರಿಯಾಯೋಜನೆಯ ಕಾಮಗಾರಿಯನ್ನೇ ಆರಿಸಬೇಕು. ಆ ವರ್ಷದ ಯೋಜನೆಯಲ್ಲಿ ಇದ್ದದ್ದೆಲ್ಲ ಹೊಸ ಪೈಪ್‌ಲೈನ್, ಹೊಸ ಸಿಸ್ಟನ್ ತೊಟ್ಟಿ. ದುರಸ್ತಿಯ ಸಾಲೇ ಇರಲಿಲ್ಲ.

"ಪೂರಕ ಯೋಜನೆ ಹಾಕೋಣ, ಸಾಮಾನ್ಯ ಸಭೆ ಕರೀರಿ" ಎಂದರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮೇಡಂ. ಅದೂ ಒಂದೇ ದಿನಕ್ಕೆ ಮುಗಿಯುವುದಲ್ಲ. ಮೇಲಾಗಿ ವೋಚರಿಗೆ ಎರಡು ಡಿಜಿಟಲ್ ಸಹಿ ಬೇಕು, ಪಿಡಿಒ ಅವರದೊಂದು, ಅಧ್ಯಕ್ಷರದೊಂದು. ಅಧ್ಯಕ್ಷರು ಆಗತಾನೇ ಬದಲಾಗಿದ್ದರು. ಹೊಸಬರ ಡಿಜಿಟಲ್ ಸಹಿಯ ಡಾಂಗಲ್ ಕೈಗೆ ಬಂದಿದ್ದರೂ ನೋಂದಣಿ ಆಗಿರಲಿಲ್ಲ. ಅಧ್ಯಕ್ಷರು ಬದಲಾದಾಗಲೆಲ್ಲ ಪಾವತಿ ನಿಲ್ಲುವುದು ಹೀಗೆಯೇ. ಅಧ್ಯಕ್ಷರ ಚುನಾವಣೆ ಮುಗಿದ ವಾರದಲ್ಲೇ ಡಾಂಗಲ್ ನೋಂದಣಿಯ ಅರ್ಜಿ ಹೋಗಬೇಕು.

ಕೊನೆಗೆ ಕೈಹಿಡಿದದ್ದು ಮನೆ ಕಂದಾಯ. ಕರ ವಸೂಲಿಗಾರರು ಹಿಂದಿನ ತಿಂಗಳು ಮನೆ ಮನೆ ಸುತ್ತಿ ತಂದಿದ್ದ ಹಣ ಸ್ವಂತ ನಿಧಿಯಲ್ಲಿತ್ತು, ಬಿಲ್ಲು ಅದರಿಂದಲೇ ಚುಕ್ತಾ ಆಯಿತು. ಕೆಳಕ್ಕೆ ಇಳಿದು ಬರುವ ಪ್ರತಿ ರೂಪಾಯಿಗೂ ಮೇಲಿನವರೇ ತಲೆಬರಹ ಬರೆದು ಕಳಿಸುತ್ತಾರೆ. ಊರು ತನ್ನ ತುರ್ತಿಗೆ ಬಳಸಬಹುದಾದದ್ದು ಊರೇ ಕಟ್ಟಿದ ಕಂದಾಯ. ವಸೂಲಿ ಸೊರಗಿದ ಪಂಚಾಯಿತಿಯಲ್ಲಿ ನಾಲ್ಕೈದು ದಿನದ ಬದಲು ಹದಿನೈದು ದಿನ ಕೊಡ ಹೊರಬೇಕಾಗುತ್ತಿತ್ತು, ಹೊರುವವರು ಹೆಂಗಸರೇ.

ಮುಂದಿನ ಗ್ರಾಮಸಭೆಯಲ್ಲಿ ಯೋಜನೆಗೆ ಮೊದಲು ಸೇರಿಸಿದ ಸಾಲು: "ಕುಡಿಯುವ ನೀರಿನ ಮೋಟಾರು, ಪ್ಯಾನೆಲ್ ಬೋರ್ಡ್, ಪೈಪ್‌ಲೈನ್ ದುರಸ್ತಿ ಮತ್ತು ನಿರ್ವಹಣೆ." ಊರಿನ ಹೆಸರು ಹಾಕದೆ "ಎಲ್ಲಾ ಗ್ರಾಮಗಳು" ಎಂದೇ ಬರೆಸಿದರು, ಯಾವ ಬೋರು ಯಾವಾಗ ಕೈಕೊಡುತ್ತದೋ ಮೊದಲೇ ಗೊತ್ತಾಗುವುದಿಲ್ಲವಲ್ಲ. ಪ್ರಿವೆಂಟರಿಗೂ ಮರುಸಂಪರ್ಕ ಕೊಟ್ಟು ಬೋರ್ಡಿಗೆ ಬೀಗ ಹಾಕಿದರು. ಬೀಗದ ಕೈ ಈಗ ನೀರುಗಂಟಿಯ ಹತ್ತಿರ ಮಾತ್ರ ಇದೆ.